ಶ್ಯಾವಿಗೆ ಬಯಲು ಉಳಿಸಿದ ಹಸಿರು ಡಬ್ಬಿ ನಾನು

ನಾನು ಒಂದು ಡಬ್ಬಿ. ಬರೀ ಡಬ್ಬಿ ತಾನೇ ಎಂದು ಮುಂದೆ ಹೋಗಬೇಡಿ. ಸೊಂಟದೆತ್ತರದ ಮೈ, ಗಿಳಿ ಹಸಿರು ಬಣ್ಣ, ಉಸಿರಾಡಲು ಮೈತುಂಬ ತೂತು, ತಲೆಗೆ ಕಪ್ಪು ಮುಚ್ಚಳ. ನನ್ನೊಬ್ಬನನ್ನು ಹುಟ್ಟಿಸಲು ಬೆಟ್ಟದಷ್ಟು ಒಡಕು ಕೊಡಗಳೂ ಮುರುಕು ಕುರ್ಚಿಗಳೂ ಕರಗಬೇಕಾಯಿತು. ಅಚ್ಚಿನಿಂದ ಹೊರಬಿದ್ದ ನನ್ನ ಹೊಳಪು ಎಂಥದ್ದೆಂದರೆ, ಅಂದು ಸಂಜೆ ಕಾರ್ಖಾನೆಯಲ್ಲಿ ದೀಪ ಹಚ್ಚುವುದನ್ನೇ ಮರೆತರು.

ನನ್ನನ್ನು ಕೊಂಡದ್ದು ಸಾಕ್ಷಾತ್ ನಗರಸಭೆ. ಮನೆಯ ಹಸಿ ಕಸ ಮನೆಯಲ್ಲೇ ಗೊಬ್ಬರವಾಗಬೇಕು, ಊರು ತನ್ನ ಹೊಲಸನ್ನು ತಾನೇ ಅರಗಿಸಿಕೊಳ್ಳಬೇಕು ಎಂದು ಅವರು ಪಣ ತೊಟ್ಟಿದ್ದರು. ಆ ಪಣವೆಲ್ಲ ನನ್ನ ಹೆಗಲ ಮೇಲೆ. ಲಾರಿ ಹತ್ತಿ ಕಂಬಾರ ಓಣಿಯ ಬಯಲಿಗೆ ಬಂದಿಳಿದೆ. ಜೊತೆಗೆ ನನ್ನಂಥವೇ ಇನ್ನಷ್ಟು ಡಬ್ಬಿಗಳಿದ್ದವು. ಜನ ನೋಡಿದ್ದು ನನ್ನನ್ನೇ ಬಿಡಿ.

ಆರೋಗ್ಯ ನಿರೀಕ್ಷಕಿ ಪ್ರೇಮಲತಾ ಮೇಡಂ ಮೈಕ್ ಹಿಡಿದರು. "ತರಕಾರಿ ಸಿಪ್ಪಿ, ಉಳಿದ ಅನ್ನ ಎಲ್ಲಾ ಇದರಾಗ ಹಾಕ್ರಿ, ಮ್ಯಾಲೆ ಒಂದು ಹಿಡಿ ಮಣ್ಣು. ಯುಗಾದಿ ಆದಮ್ಯಾಲೆ ನೋಡಾಕ ಬರ್ತೇನಿ. ಡಬ್ಬಿ ಬಳಸದಿದ್ರ ಸುತ್ತಲಿನ ಓಣಿಗಳ ಕಸಕ್ಕೆಲ್ಲ ಈ ಬಯಲಾಗ ಗುಂಡಿ ತೋಡಬೇಕಾಗ್ತದ. ಆಮ್ಯಾಲೆ ನನಗ ಅನಬ್ಯಾಡ್ರಿ."

ಇದನ್ನು ಕೇಳಿ ನೀಲವ್ವನ ಮುಖ ಸುಣ್ಣವಾಯಿತು. ಆಕೆ ಶ್ಯಾವಿಗೆ ಹೊಸೆದು ಮಾರಿ ಮನೆ ನಡೆಸುವವಳು. ಶ್ಯಾವಿಗೆಯನ್ನು ಕೋಲುಗಳಿಗೆ ಇಳಿಬಿಟ್ಟು ಒಣಗಿಸುವುದು ಇದೇ ಬಯಲಿನಲ್ಲಿ. ಪಕ್ಕದಲ್ಲಿ ಕಸದ ಗುಂಡಿ ಬಂದರೆ ನೊಣ ಮುತ್ತಿದ ಶ್ಯಾವಿಗೆಯನ್ನು ಯಾರು ಕೊಂಡಾರು?

ನನ್ನನ್ನು ಎತ್ತಿಕೊಂಡು ಹೋದವಳು ಆಕೆಯೇ. ಇವಳ ಬಯಲು ಉಳಿಸುವುದು ನನಗೆ ಎಡಗೈ ಕೆಲಸ ಎಂದುಕೊಂಡೆ. ಮನೆಗೆ ಹೋದ ಮೇಲೆ ನನಗೆ ಗರ ಬಡಿಯಿತು. ಅವಳು ನನ್ನ ಮೈ ತೊಳೆದು, ಅರಿಶಿನ ಕುಂಕುಮ ಹಚ್ಚಿ, ದೇವರ ಮೂಲೆಯಲ್ಲಿ ಕೂರಿಸಿದಳು. ಆಮೇಲೆ ಹಿಟ್ಟಿನ ಅಂಟು ಕಾಯಿಸಿ, ಹಳೇ ಕ್ಯಾಲೆಂಡರ್ ಹರಿದು, ನನ್ನ ತೂತುಗಳನ್ನೆಲ್ಲ ಮುಚ್ಚಿದಳು. ಉಸಿರು ಕಟ್ಟಿ ಕುಳಿತ ನನ್ನ ಹೊಟ್ಟೆಗೆ ಶ್ಯಾವಿಗೆ ತುಂಬಿದಳು!

ನೆರೆಮನೆಯ ಕಾಶಿಂಬಿ ಬಾಗಿಲಲ್ಲಿ ನಿಂತು ನಕ್ಕಳು. "ಅಕ್ಕಾ, ಇದು ಕಸದ ಡಬ್ಬಿ ಅಲ್ಲೇನ?"

"ಹೊಸಾ ಡಬ್ಬಿಯಾಗ ಹೊಲಸು ಹಾಕ್ತಾರೇನು? ಮೊದಲ ಒಂದೀಟು ಕಾಳುಕಡಿ ಕಾಣಲಿ. ನೀ ಏನು ಹಾಕೀದಿ?"

"ಹೊದಿಯೋ ಕೌದಿ ಇಟ್ಟೇನಿ" ಎಂದಳು ಕಾಶಿಂಬಿ.

ಓಣಿಯುದ್ದಕ್ಕೂ ನನ್ನ ಬಳಗದ ಗತಿ ಇದೇ. ಒಬ್ಬನ ಹೊಟ್ಟೆಯಲ್ಲಿ ಉಳ್ಳಾಗಡ್ಡಿ, ಇನ್ನೊಬ್ಬನ ಹೊಟ್ಟೆಯಲ್ಲಿ ಕಾವಿಗೆ ಕೂತ ಕೋಳಿ. ನಗರವನ್ನೇ ಅರಗಿಸಲು ಬಂದ ವೀರರು ನಾವು.

ಯುಗಾದಿ ಕಳೆಯಿತು. ಒಂದು ಮಧ್ಯಾಹ್ನ, ನಾಳೆ ಬೆಳಿಗ್ಗೆ ಮೇಡಂ ಬರುತ್ತಾರೆ ಎಂದು ಕಸದ ಗಾಡಿಯವನು ಸುದ್ದಿ ತಂದ. ನೀಲವ್ವ ಗಡಬಡಿಸಿ ನನ್ನನ್ನು ಖಾಲಿ ಮಾಡಿ, ಕಾಗದ ಕೆರೆದು, ಅಂಗಳಕ್ಕೆ ತಂದಳು. ಕೊನೆಗೂ ನನ್ನ ಕಾಲ ಬಂತು ಎಂದು ಎದೆ ಸೆಟೆಸಿದೆ. ಆದರೆ ಒಳಗೆ ಹಾಕಲು ಕಸವೇ ಇಲ್ಲ. ಇಡೀ ಓಣಿಯಲ್ಲಿ ಒಂದು ಬದನೆಕಾಯಿ ತೊಟ್ಟೂ ಸಿಗಲಿಲ್ಲ. ಸಿಪ್ಪೆ, ಗಂಜಿ, ಅಕ್ಕಿ ತೊಳೆದ ನೀರು ಎಲ್ಲವೂ ಬಾಗಿಲ ಬಳಿಯ ಮುಸುರೆ ಬಕೆಟ್ಟಿಗೆ ಹೋಗುತ್ತಿತ್ತು. ಕಾಶಿಂಬಿ ಬಂದು ಅದನ್ನು ತನ್ನ ಎಮ್ಮೆ ಚಂದ್ರಿಗೆ ಒಯ್ಯುತ್ತಿದ್ದಳು. ಚಂದ್ರಿ ಈದಾಗ ಮನೆಮನೆಗೂ ಗಿಣ್ಣು ಬರುತ್ತಿತ್ತು. ನನ್ನ ಕೆಲಸವನ್ನು ನಾನು ಹುಟ್ಟುವ ಮೊದಲೇ ಒಂದು ಎಮ್ಮೆ ಮಾಡಿ ಮುಗಿಸಿತ್ತು! ಆ ಹೊಡೆತಕ್ಕೆ ನನ್ನ ಹಸಿರೇ ಬಿಳಿಚಿತು.

"ಖಾಲಿ ಡಬ್ಬಿ ನೋಡಿದ್ರ ಗುಂಡಿ ತೋಡತಾರ" ಎಂದು ನೀಲವ್ವ ಬುಟ್ಟಿ ಎತ್ತಿಕೊಂಡಳು. ಅವಳೂ ಕಾಶಿಂಬಿಯೂ ಮುಂದಿನ ರಸ್ತೆಯ ಮದುವೆ ಮಂಟಪಕ್ಕೆ ಹೋದರು. ಅಲ್ಲಿ ಏನಾಯಿತೆಂದು ತಿರುಗಿ ಬಂದ ಮೇಲೆ ಕಾಶಿಂಬಿ ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದಳು. ಅಡಿಗೆಯವನು ಬೆಪ್ಪಾಗಿ, "ಊಟ ಕೇಳಾಕ ಬರೋರನ್ನ ನೋಡೇನಿ, ಎಂಜಲೆಲಿ ಕೇಳಾಕ ಬಂದೋರನ್ನ ಇವತ್ತ ನೋಡಿದ್ದು. ಆರಾಮ ಅದೀರಿಲ್ರೆವ್ವಾ?" ಎಂದನಂತೆ.

ಬಾಳೆಲೆ, ಸೌತೆ ಸಿಪ್ಪೆ, ಅನ್ನ ಸಾರು ನನ್ನ ಹೊಟ್ಟೆ ಸೇರಿದವು. ಆಹಾ, ಆ ರಾತ್ರಿ ನಾನು ಚಕ್ರವರ್ತಿ.

ಬೆಳಿಗ್ಗೆ ಮೇಡಂ ಓಣಿಗೆ ಕಾಲಿಟ್ಟಾಗ ನನ್ನ ಬಾಯಲ್ಲಿ ಚಂದ್ರಿಯ ಮೂತಿ ಇತ್ತು. ಹಗ್ಗ ಕಿತ್ತುಕೊಂಡು ಬಂದು ನನ್ನ ರಾಜ್ಯವನ್ನೆಲ್ಲ ನೆಕ್ಕಿ ಮುಗಿಸಿದ್ದಳು. ಕಾಶಿಂಬಿ ಜಗ್ಗಿದರೆ ಕೊಂಬಿಗೆ ಸಿಕ್ಕಿಕೊಂಡ ನಾನೂ ಎದ್ದೆ. ಎಮ್ಮೆಯ ತಲೆಯ ಮೇಲೆ ನಗರಸಭೆಯ ಡಬ್ಬಿ. ಮೇಡಂ ನಿಂತಲ್ಲೇ ಕಂಬವಾದರು.

ನೀಲವ್ವ ಏನೋ ಸುಳ್ಳು ಹೇಳಲು ಬಾಯಿ ತೆರೆದಳು, ಬರಲಿಲ್ಲ. "ಮೇಡಂರೀ, ನಮ್ಮ ಓಣ್ಯಾಗ ಹಸಿ ಕಸಾನ ಇಲ್ರೀ. ಇದು ಮದುವಿ ಮಂಟಪದಾಗ ಬೇಡಿ ತಂದಿದ್ದು. ಈ ಬಯಲು ಹೋದ್ರ ನನ್ನ ಒಲಿ ಆರ್ತದ."

"ಕಸಾ ಬೇಡಿ ತಂದ್ರ್ಯಾ?"

"ಹೂಂರೀ. ನೀವ ನೋಡಾಕ ಬರ್ತೀರಂತ."

ಮೇಡಂ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಆಮೇಲೆ ಎದ್ದು ಒಂದೊಂದೇ ಮನೆಯ ಮುಸುರೆ ಬಕೆಟ್ಟು ಇಣುಕಿ ನೋಡಿದರು. ಕೌದಿ ನೋಡಿದರು. ಕೋಳಿಯಿಂದ ಕುಕ್ಕಿಸಿಕೊಂಡರು. ಹೊರಟಾಗ ಜೊತೆಗಾರನಿಗೆ ಹೇಳಿದ್ದು ಇಷ್ಟೇ: "ಇಲ್ಲೇನು ಗುಂಡಿ ತೋಡೋದು? ಆ ಮಂಟಪದ ಹಿತ್ತಲಾಗ ತೋಡಸ್ರಿ."

ಹಾಗೆ ನಾನು ಬಯಲು ಉಳಿಸಿದೆ. ಎಮ್ಮೆ ಉಳಿಸಿತು ಎನ್ನುವವರೂ ಇದ್ದಾರೆ, ಹೊಟ್ಟೆಕಿಚ್ಚಿನವರು.

ಈಗ ಮುದುಕನಾಗಿದ್ದೇನೆ. ಅಂಚೆಲ್ಲ ಚಂದ್ರಿ ಅಗಿದ ಗುರುತು, ಬಣ್ಣ ಬೂದಿ. ನೀಲವ್ವ ನನ್ನನ್ನು ಕಾಶಿಂಬಿಗೆ ಕೊಟ್ಟಳು; ಚಂದ್ರಿ ಮೇವು ತಿನ್ನುವ ಗೋದಲಿಯ ಪಕ್ಕ ಮುಸುರೆಯ ಸಿಪ್ಪೆ ಹೊತ್ತು ಕೂತಿದ್ದೇನೆ, ಎದುರಿನ ಬಯಲಲ್ಲಿ ಶ್ಯಾವಿಗೆ ಗಾಳಿಗೆ ತೂಗುತ್ತದೆ. ಊರನ್ನು ತಿದ್ದಲು ಬಂದವನಿಗೆ ಊರೇ ಒಂದು ಕೆಲಸ ಹುಡುಕಿ ಕೊಟ್ಟಿತು. ಒಂದು ಹಿಡಿ ಗೊಬ್ಬರವನ್ನೂ ನಾನು ಮಾಡಿಲ್ಲ. ಚಂದ್ರಿ ಹಾಕುವ ಸಗಣಿಯಲ್ಲಿ ಮಾತ್ರ ಅರ್ಧ ಪಾಲು ನನ್ನದೇ.

ನಿನ್ನೆ ಮತ್ತೆ ಲಾರಿ ಬಂತು. ಈ ಸಲ ನೀಲಿ ಡಬ್ಬಿಗಳು, ಒಣ ಕಸಕ್ಕಂತೆ. ಅವುಗಳಲ್ಲೊಬ್ಬ ಎದೆ ಸೆಟೆಸಿಕೊಂಡು ನೀಲವ್ವನ ಕಂಕುಳೇರಿ ಹೋದ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವಳು ಅರಿಶಿನ ಕಲಸುತ್ತಿದ್ದಳು, ಪಕ್ಕದಲ್ಲಿ ಹಳೇ ಕ್ಯಾಲೆಂಡರ್ ಇತ್ತು. ಅವನಿಗೆ ಏನಾದರೂ ಹೇಳೋಣವೆನಿಸಿತು. ಅಷ್ಟರಲ್ಲಿ ಚಂದ್ರಿ ನನ್ನ ಬಾಯಿಗೆ ಮೂತಿ ಇಟ್ಟಳು.