ರಾಜನ ಕೂಡ ಮಾತು ಬಿಟ್ಟವಳು

ಮೌನೇಶ್ವರಿ ಎಂದು ಹೆಸರಿಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ, ಪಾಪ. ಪಾಮನಕಲ್ಲೂರಿನಲ್ಲಿ ಒಂಬತ್ತನೇ ತರಗತಿಗೆ ಬಂದರೂ ಆ ಹುಡುಗಿಯ ಬಾಯಿ ಮುಚ್ಚಿದ್ದನ್ನು ಕಂಡವರು ಕಡಿಮೆ. ಅಂಥವಳು ಜೀವದ ಗೆಳತಿ ವಸೀಮಾಳ ಕೂಡ ಮಾತು ಬಿಟ್ಟು ಇವತ್ತಿಗೆ ನಲವತ್ತು ದಿನ.

ಎಲ್ಲ ಆಗಿದ್ದು ಮಸ್ಕಿಯಲ್ಲಿ ನಡೆಯುವ ಶಾಲೆಗಳ ಸ್ಪರ್ಧೆಗೆಂದು ಎತ್ತಿಕೊಂಡ ನಾಟಕದಿಂದ. ಊರಿಗೆ ಬಾವಿ ತೋಡಿಸುವ ರಾಜನ ಪಾತ್ರ ಯಾರು ಮಾಡುತ್ತೀರಿ ಎಂದು ಆದೆಪ್ಪ ಮೇಷ್ಟ್ರು ಕೇಳಿದಾಗ ಇಬ್ಬರೂ ಕೈ ಎತ್ತಿದರು. ಮೌನೇಶ್ವರಿ ಮೂರೇ ದಿನದಲ್ಲಿ ಇಡೀ ನಾಟಕ ಬಾಯಿಪಾಠ ಮಾಡಿದ್ದಳು. ಆದರೆ ಆಳೂ ಸಣ್ಣದು, ದನಿಯೂ ಸಣ್ಣದು. ವಸೀಮಾ ಕೆಮ್ಮಿದರೆ ಎರಡು ಓಣಿಗೆ ಕೇಳಿಸುತ್ತಿತ್ತು. ಮೇಷ್ಟ್ರು ಕಿರೀಟವನ್ನು ವಸೀಮಾಳಿಗೂ ನಾಟಕದ ಪುಸ್ತಕವನ್ನು ಮೌನೇಶ್ವರಿಗೂ ಕೊಟ್ಟು, "ಪರದೆ ಹಿಂದ ನಿಂತು ಮರ್ತವ್ರಿಗೆ ಮಾತು ಎತ್ತಿಕೊಡವಾ. ಅದು ಭಾಳ ದೊಡ್ಡ ಕೆಲಸ" ಎಂದರು. ದೊಡ್ಡ ಕೆಲಸ ಎಂದು ಬಾಯಿಬಿಟ್ಟು ಹೇಳಿ ಕೊಡುವ ಕೆಲಸ ಎಂಥದ್ದೆಂಬುದು ಹದಿನಾಲ್ಕು ವರ್ಷದವರಿಗೂ ತಿಳಿಯುತ್ತದೆ.

ಆ ಮಧ್ಯಾಹ್ನ ಬಿಸಿಯೂಟಕ್ಕೆ ಕೂತಾಗ ಮೌನೇಶ್ವರಿ ತಾಟಿನ ಮೇಲೆ ಕೈಯಿಟ್ಟಳು.

"ನನಗ ಬೇಕಂತ ಗೊತ್ತಿದ್ದೂ ಕೈ ಎತ್ತಿದಿ. ಅನ್ನದ ಮ್ಯಾಲ ಆಣಿ, ಇನ್ನ ನಿನ್ನ ಕೂಡ ಮಾತಾಡಂಗಿಲ್ಲ."

ಅನ್ನದ ಆಣೆ ಹುಡುಗಾಟದ್ದಲ್ಲ. ಮುರಿದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಸಿಟ್ಟು ಒಂದೇ ವಾರದಲ್ಲಿ ಇಳಿಯಿತು, ಆಣೆ ಇಳಿಯಬೇಕಲ್ಲ! ಅಷ್ಟರಲ್ಲಿ ಸುದ್ದಿ ಬಂತು. ವಸೀಮಾಳ ಅಬ್ಬಾ ಮೌಲಾಸಾಬ್ ಸಿಂಧನೂರಿನಲ್ಲಿ ಬಳೆ ಅಂಗಡಿ ಹಿಡಿದಿದ್ದಾರೆ, ನಾಟಕ ಮುಗಿದ ಭಾನುವಾರವೇ ಸಂಸಾರ ಕಟ್ಟಿಕೊಂಡು ಹೊರಡುತ್ತಾರೆ. ಮಾತಾಡದೆಯೇ ಹೋಗಿಬಿಟ್ಟರೆ ಗತಿಯೇನು ಎಂದು ಮೌನೇಶ್ವರಿಗೆ ಅಂದಿನಿಂದ ಒಂದೇ ಚಿಂತೆ.

ಮಾತು ಬಿಟ್ಟವರು ಬಾಳುವೆ ಮಾಡುವ ಬಗೆಯನ್ನು ಅವಳು ಮನೆಯಲ್ಲೇ ಕಲಿತಿದ್ದಳು. ಅಜ್ಜಿ ಯಮನೂರಮ್ಮ ಮತ್ತು ದೊಡ್ಡವ್ವ ನಾಲ್ಕು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡಿಲ್ಲ, ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಾರೆ. "ಏ ಗ್ವಾಡಿ, ಸಾರಿಗೆ ಉಪ್ಪು ಹಾಕ್ಯಾರೋ ಇಲ್ಲೋ ಕೇಳು." ಶಾಲೆಯಲ್ಲಿ ಮೌನೇಶ್ವರಿ ಶಿವಗಂಗಾಳನ್ನೇ ಗೋಡೆ ಮಾಡಿಕೊಂಡಳು. ಶಿವಗಂಗಾಳದು ಈಟಿ ಹಿಡಿದು ನಿಲ್ಲುವ ಕಾವಲುಗಾರನ ಪಾತ್ರ, ಒಂದೂ ಮಾತಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮುಟ್ಟಿಸುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ.

ಮಸ್ಕಿಯಲ್ಲಿ ಸ್ಪರ್ಧೆಯ ದಿನ, ವೇದಿಕೆಯ ಹಿಂದಿನ ಕೋಣೆಯಲ್ಲಿ ರಾಜನಿಗೆ ಮೀಸೆ ಅಂಟಿಸುವ ಕೆಲಸವೂ ಮೌನೇಶ್ವರಿಯ ಪಾಲಿಗೆ ಬಂತು.

"ಶಿವಗಂಗಾ, ತುಟಿ ಅಳ್ಳಾಡಸಬ್ಯಾಡ ಅನ್ನು ರಾಜಗ."

"ರಾಜಾ, ತುಟಿ ಅಳ್ಳಾಡಸಬ್ಯಾಡಂತ."

"ಗೋಂದು ಬಾಯಾಗ ಹೋಗೈತಿ ಅಂತ ಹೇಳು ಆಕಿಗೆ," ಎಂದಳು ವಸೀಮಾ.

"ಗೋಂದು ಬಾಯಾಗ ಹೋಗೈತಂತ."

"ಉಗುಳು ಅನ್ನು," ಎಂದಳು ಮೌನೇಶ್ವರಿ.

ಅಷ್ಟೊತ್ತಿಗೆ ಯಾರ ಮಾತು ಯಾರಿಗೆ ಎಂಬುದು ತಪ್ಪಿಹೋಗಿ ಶಿವಗಂಗಾ ತಾನೇ ಉಗುಳಿದಳು.

ಪರದೆ ಸರಿಯಿತು. ವಸೀಮಾ ಮೀಸೆಯ ಮೇಲೆ ಕೈಯಾಡಿಸುತ್ತಾ ಹೋಗಿ, "ಮಂತ್ರಿಗಳೇ!" ಎಂದು ಗರ್ಜಿಸಿದಳು. ಅಷ್ಟೇ. ತಾಲೀಮಿನಲ್ಲಿ ಒಂದಕ್ಷರ ತಪ್ಪದವಳು ಈಗ ಬಾಯಿ ತೆರೆದುಕೊಂಡು ನಿಂತುಬಿಟ್ಟಳು. ಮೌನೇಶ್ವರಿ ಮಾತು ಎತ್ತಿಕೊಡಬೇಕು, ಆದರೆ ಆಣೆಯಿದೆ. ಪುಣ್ಯಕ್ಕೆ ಪರದೆಯ ಮಗ್ಗುಲಿಗೇ ಶಿವಗಂಗಾ ನಿಂತಿದ್ದಳು.

"ಏ ಶಿವಗಂಗಾ, ಊರಿಗೆ ನೀರಿಲ್ಲ, ಬಾವಿ ತೋಡಸ್ರಿ ಅನ್ನಬೇಕಂತ ರಾಜಗ ಹೇಳಲೇ!"

ನಲವತ್ತು ದಿನದ ರೂಢಿ. ಶಿವಗಂಗಾ ಈಟಿ ಕುಟ್ಟಿ ಕೂಗಿಯೇ ಬಿಟ್ಟಳು. "ರಾಜಾ, ಊರಿಗೆ ನೀರಿಲ್ಲಂತ! ಬಾವಿ ತೋಡಸ್ರಿ ಅನ್ನಬೇಕಂತ!"

ರಾಜ ತಲೆಯಾಡಿಸಿದ. ಮಂತ್ರಿಯಾಗಿದ್ದ ರಾಜಶ್ರೀ ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ಕಾವಲುಗಾರನಿಗೇ ಮುಗಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಮೂರು ದೃಶ್ಯ ಹೀಗೇ ನಡೆದವು. ಮೂರನೆಯದರ ಹೊತ್ತಿಗೆ ಶಿವಗಂಗಾಳಿಗೆ ರಾಜ್ಯಭಾರದ ರುಚಿ ಹತ್ತಿ, ಯಾರೂ ಹೇಳಿಕೊಡದಿದ್ದರೂ ಒಬ್ಬ ಕಳ್ಳನಿಗೆ ಶಿಕ್ಷೆ ಕೊಟ್ಟಳು. ಆಚೆ ಬದಿಯಲ್ಲಿ ಆದೆಪ್ಪ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಕಡೆಯ ದೃಶ್ಯದಲ್ಲಿ ಬಾವಿಯ ಹತ್ತಿರ ರಾಜ ಒಬ್ಬನೇ. ಕಾವಲುಗಾರನಿಗೆ ಅಲ್ಲಿ ಜಾಗವಿಲ್ಲ. ವಸೀಮಾ ಹಗ್ಗ ಹಿಡಿದಳು, ಸುಮ್ಮನೆ ನಿಂತಳು. ಯಾರೋ ಸಿಳ್ಳೆ ಹಾಕಿದರು. "ಮನಿಗೆ ನಡೀ ರಾಜಾ!" ಎಂದು ಇನ್ಯಾರೋ ಕೂಗಿದರು.

ಮೌನೇಶ್ವರಿ ಪುಸ್ತಕ ಮುಚ್ಚಿ ಪರದೆಯ ಅಂಚಿಗೆ ಬಂದಳು. ತಾನು ಬೈಯಬಹುದು, ತಾನು ಮಾತು ಬಿಡಬಹುದು. ಮಸ್ಕಿಯ ಮಂದಿ ಯಾರು ತನ್ನ ವಸೀಮಾಳನ್ನು ನೋಡಿ ನಗುವುದಕ್ಕೆ? ಅನ್ನ ಮೈಗೆ ಹತ್ತದಿದ್ದರೆ ಹತ್ತದೇ ಹೋಗಲಿ.

"ವಸೀಮಾ! ಈ ನೀರು ಎಲ್ಲರದು ಅನ್ನಲೇ!"

ಆ ಸಣ್ಣ ದನಿ ಕಡೆಯ ಬೆಂಚಿನವರೆಗೂ ಮುಟ್ಟಿತು. ರಾಜ ಗಕ್ಕನೆ ತಿರುಗಿದ. ಮುಖ ಎಷ್ಟು ಅರಳಿತೆಂದರೆ ಮೀಸೆಯ ಒಂದು ತುದಿ ಕಿತ್ತು ಜೋತಾಡಿತು. "ಮಾತಾಡಿದ್ಲು!" ಎಂದು ಕಿರುಚಿ, ಹಗ್ಗ ಬಿಸಾಕಿ, ಪಂಚೆ ಎತ್ತಿಕೊಂಡು ಒಳಗೆ ಓಡಿಬಂದ. ನಾಟಕ ಮುಗಿಯಿತೆಂದು ಪರದೆ ಎಳೆದರು.

"ನಾಚ್ಕಿ ಬರಂಗಿಲ್ಲೇನು ನಿನಗ? ಕಡೀ ಮಾತೂ ಮರ್ತಿಯೇನು?" ಮೌನೇಶ್ವರಿ ಪುಸ್ತಕದಿಂದಲೇ ಅವಳ ಭುಜಕ್ಕೆ ಬಾರಿಸಿದಳು.

"ಒಂದೂ ಮರ್ತಿಲ್ಲಬೇ," ಎಂದಳು ವಸೀಮಾ ಏದುಸಿರು ಬಿಡುತ್ತಾ. "ನಾ ನಿಂತ್ರ ನೀ ಎತ್ತಿಕೊಡ್ತಿ ಅಂತ ಬೇಕಂತ ನಿಂತೆ. ನೀ ನೋಡಿದ್ರ ಶಿವಗಂಗಾನ್ನ ರಾಜನ್ನ ಮಾಡಿಟ್ಟಿ."

"ಕಪ್ ಹೋತಲ್ಲಲೇ!"

"ಹೋಗ್ಲಿ. ಭಾನ್ವಾರ ಲಾರಿ ಬರ್ತೈತಿ. ನಿನ್ನ ಕೂಡ ಮಾತಾಡ್ಲಾರದ ಸಿಂಧನೂರಿಗೆ ಹೆಂಗ ಹೋಗ್ಲಿ ಹೇಳು?"

ಮೌನೇಶ್ವರಿ ಕಣ್ಣು ಒರೆಸಿಕೊಂಡಳು. ನಲವತ್ತು ದಿನ ಕೂಡಿಟ್ಟ ಮಾತಿನಲ್ಲಿ ಮೊದಲು ಸಿಕ್ಕಿದ್ದನ್ನು ಹೇಳಿದಳು.

"ನಮ್ಮ ಎಮ್ಮಿ ಕರ ಹಾಕೈತಿ."

"ಹೌದಾ? ಯಾವಾಗ?"

"ಇಪ್ಪತ್ತ ದಿನ ಆತು. ಹೆಣ್ಣು ಕರ. ಹೆಸರಿಡು, ಹೆಸರಿಡು ಅಂತ ಮನ್ಯಾಗ ದಿನಾ ಬೈಯಾಕತ್ತಾರ. ನೀ ಬರ್ಲಿ ಅಂತ ಹಂಗ ಬಿಟ್ಟೀನಿ."