ಖುಮನ್ ಕುಲದ ಅಳಿಯ

ಹನ್ನೊಂದು ವರ್ಷ ಇಬೆಮ್ಹಲ್ ಬಾಯಿ ಬಿಟ್ಟಿರಲಿಲ್ಲ. ಮಣಿಪುರದ ಮೈತೇಯಿ ಹೆಂಗಸು, ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ನರ್ಸಾಗಿ ದುಡಿದು, ಈಗ ಪರದೇಶದ ಥಾರ್ನ್‌ಹಿಲ್ಲಿನಲ್ಲಿ ಮಗಳು, ಅಳಿಯ ಈರೇಶನ ಜತೆಗಿದ್ದಳು.

ಅವಳಪ್ಪ ಚಾವೊಬಾ ಖುಮನ್ ಕುಲದವನು. ಒಂದು ಕಾಲಕ್ಕೆ ರಾಜ್ಯ ಆಳಿ, ಆಮೇಲೆ ನಿಂಗ್‌ಥೌಜಾ ಕುಲಕ್ಕೆ ಸೋತ ಕುಲ. ಆ ಅರಸರ ಕತೆಗಳನ್ನು ಅಪ್ಪ ಊರೂರು ತಿರುಗಿ ಕೇಳಿ ದಪ್ಪ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ. ಹನ್ನೊಂದು ವರ್ಷದ ಹಿಂದೆ, ಜೆರಾಕ್ಸ್ ಮಾಡಿಸಿ ಕೊಡುತ್ತೇನೆಂದು ಅದನ್ನು ಒಯ್ದವನು ಇಬೆಮ್ಹಲ್‌ಳ ತಂಗಿ ಸನತೊಂಬಿಯ ಗಂಡ ಕುಂಜೊ ಸಿಂಗ್. ಅವನು ನಿಂಗ್‌ಥೌಜಾ. ಬುಕ್ಕು ತಿರುಗಿ ಬರಲಿಲ್ಲ. ಈ ವರ್ಷ ಅವೇ ಕತೆಗಳು ಅವನ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕವಾಗಿ ಬಂದವು. ಅಪ್ಪನ ಹೆಸರು ಹುಡುಕಿದರೂ ಇಲ್ಲ.

ಹೋಗಿ ಕೊರಳಪಟ್ಟಿ ಹಿಡೀರಿ ಬೀಗ್ತಿ, ಎಂದಳು ಈರೇಶನ ತಾಯಿ ಸುಶೀಲವ್ವ. ಇಬೆಮ್ಹಲ್ ಒಪ್ಪಲಿಲ್ಲ. ಅಪ್ಪನ ಬುಕ್ಕಿನಲ್ಲೊಂದು ಕತೆಯಿತ್ತು. ಅರಸನನ್ನು ಕೊಂದವನ ಮನೆಯಲ್ಲೇ ಖುಮನ್ ರಾಣಿ ಒಂಬತ್ತು ಸುಗ್ಗಿ ಅಕ್ಕಿಹೆಂಡ ಬಡಿಸಿದಳು, ಅವನೇ ಹಬ್ಬದೂಟದಲ್ಲಿ ಜಂಬ ಕೊಚ್ಚಿ ಕೊಲೆಯನ್ನು ಒಪ್ಪುವ ತನಕ. ಕುಂಜೊ ಆ ಕತೆಯನ್ನೂ ಕದ್ದಿದ್ದ. ಕಲಿತಿರಲಿಲ್ಲ.

ಅದೇ ಸೀಮೆಯ ಎರಿನ್ ಮಿಲ್ಸಿನ ಹಾಲಿನಲ್ಲಿ ಪುಸ್ತಕದ ಕಾರ್ಯಕ್ರಮ. ಖುಮನರ ಬಣ್ಣವಾದ ಕಪ್ಪು ಶಾಲು ಹೊದ್ದು ಇಬೆಮ್ಹಲ್ ಕೊನೆಯ ಸಾಲಿನಲ್ಲಿ ಕೂತಳು. ತಂಗಿ ಮುಂದಿನ ಸಾಲಿನಲ್ಲಿದ್ದಳು. ಹತ್ತು ಮೈತೇಯಿ ಸಂಸಾರಗಳೂ ಬಂದಿದ್ದವು. ಬರೀ ಸಿಂಗ್ ಎಂದು ಕರೆಸಿಕೊಳ್ಳುವ ಕುಂಜೊನ ಕುಲ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಸುಶೀಲವ್ವನ ಗುರುತು ಕುಂಜೊಗಿರಲಿಲ್ಲ. ಅವಳು ಕೈಯೆತ್ತಿ, ಈರೇಶ ಬಾಯಿಪಾಠ ಮಾಡಿಸಿದ್ದ ಇಂಗ್ಲಿಷಿನಲ್ಲಿ, ಈ ಕತೆಗಳು ನಿಮಗೆ ಹೇಗೆ ಸಿಕ್ಕವು ಅಂತ ಕೇಳಿದಳು. ನಾನೇ ಖುಮನ್ ಕುಲದವನು, ನಮ್ಮಪ್ಪ ಹೇಳಿದ್ದು, ಎಂದ ಕುಂಜೊ. ಚಪ್ಪಾಳೆ ಬಿತ್ತು.

ಮೈತೇಯಿಗಳಲ್ಲಿ ಒಂದೇ ಕುಲದವರೆಂದರೆ ಒಡಹುಟ್ಟಿದವರ ಲೆಕ್ಕ. ಮದುವೆಯ ಮಾತೆತ್ತಿದರೂ ಪಾಪ.

ಇಬೆಮ್ಹಲ್ ಎದ್ದು ನಿಂತಳು. ‘ನಾನೂ ಖುಮನ್, ಮುಂದೆ ಕೂತಿರುವ ನನ್ನ ತಂಗಿಯೂ ಖುಮನ್. ನೀನೂ ಖುಮನ್ ಅಂದಮೇಲೆ, ನಿನ್ನ ಹೆಂಡತಿ ನಿನಗೆ ಏನಾಗಬೇಕು?’

ಮೈತೇಯಿ ಸಾಲುಗಳಲ್ಲಿ ತಲೆಗಳು ಸನತೊಂಬಿಯ ಕಡೆ ತಿರುಗಿದವು. ಕುಂಜೊ ನೀರು ಕುಡಿದ. ತಾನು ನಿಂಗ್‌ಥೌಜಾ ಎಂದು ಕೊನೆಗೆ ಮೈಕಿನಲ್ಲೇ ಒಪ್ಪಿಕೊಂಡ.

‘ಹಾಗಾದರೆ ಕತೆ ಯಾವ ಅಪ್ಪನದು?’

ಉತ್ತರ ಕೊಟ್ಟವಳು ಸನತೊಂಬಿ. ‘ಖುಮನ್ ಚಾವೊಬಾ. ನಮ್ಮಪ್ಪ.’ ಹೇಳಿ, ಅಕ್ಕನ ಕಡೆ ತಿರುಗಿಯೂ ನೋಡದೆ ಹೊರಟುಹೋದಳು.

ಮೂರನೆಯ ದಿನ ಕೊರಿಯರಿನಲ್ಲಿ ನೋಟುಬುಕ್ಕು ಬಂತು. ಜತೆಗೊಂದು ಚೀಟಿಯೂ ಇರಲಿಲ್ಲ.

‘ತಂಗೀಗೊಂದು ಫೋನ್ ಹಚ್ರಿ ಬೀಗ್ತಿ,’ ಎಂದಳು ಸುಶೀಲವ್ವ.

ಅಪ್ಪನ ಸಾಲುಗಳ ಪಕ್ಕ ಕುಂಜೊನ ಪೆನ್ಸಿಲ್ ಗೀಟುಗಳಿದ್ದವು. ಇಬೆಮ್ಹಲ್ ಮೊಮ್ಮಗಳ ರಬ್ಬರು ತಗೊಂಡು ಮೊದಲ ಪುಟದಿಂದ ಅಳಿಸತೊಡಗಿದಳು.

‘ಇದು ಮುಗೀಲಿ,’ ಎಂದಳು.

ಬುಕ್ಕಿನಲ್ಲಿ ನಾನೂರು ಪುಟಗಳಿದ್ದವು.