ರೊಟ್ಟಿ ಮಾಡಿದವಳ ಪಾಲು

ಗಜೇಂದ್ರಗಡದ ಕ್ರೈಸ್ತ ಸಭೆ ದೊಡ್ಡದೇನಲ್ಲ; ಊರಿನ ಹನ್ನೆರಡು ಮನೆ, ಸೂಡಿಯಿಂದ ಟೆಂಪೋ ಹಿಡಿದು ಬರುವ ಮೂರು ಮನೆ. ಆದರೆ ಸಭೆಯ ಹಿರಿಯರಾದ ದಾನಿಯೇಲಪ್ಪ ಮಾಸ್ತರರಿಗೆ ಅದರ ಮೇಲಿದ್ದ ಅಭಿಮಾನ ಊರ ಕೋಟೆಯಷ್ಟು ಎತ್ತರದ್ದು. ಸಾಲೆಯಿಂದ ನಿವೃತ್ತರಾಗಿ ಹತ್ತು ವರ್ಷ ಕಳೆದಿದ್ದರೂ ಸಭೆಯೊಳಗೆ ಅವರಿನ್ನೂ ಹಾಜರಿ ಕರೆಯುವ ಮಾಸ್ತರರೇ. ತಿಂಗಳ ಮೊದಲ ಭಾನುವಾರ ಗದಗಿನಿಂದ ಪಾಸ್ಟರು ಬಂದು ಕರ್ತನ ಭೋಜನ ಕೊಡುತ್ತಿದ್ದರು. ಯೇಸು ತನ್ನ ಶಿಷ್ಯರೊಡನೆ ಉಂಡ ಕಡೆಯ ಊಟದ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಅದರ ಹಿಂದಿನ ದಿನ ಮಾಸ್ತರರು ಮನೆಮನೆಗೆ ಹೋಗಿ, “ಯಾರ ಕೂಡೆರ ಜಗಳ ಇದ್ರ ರಾಜಿ ಆಗಿ ಬರ್ರಿ. ಯೋಗ್ಯತಾ ಇಲ್ದ ತಿಂದವ್ರು ಶಾಪಾ ತಿಂದಂಗ” ಎಂದು ಎಚ್ಚರಿಸಿ ಬರುವುದು ನಲವತ್ತು ವರ್ಷಗಳ ನೇಮ.

೨೦೦೪ರ ಜುಲೈ ತಿಂಗಳಲ್ಲಿ ಹೊಸ ಪಾಸ್ಟರು ಬಂದರು. ಇನ್ನೂ ಮೂವತ್ತು ತುಂಬದವರು. ಶನಿವಾರ ಮಧ್ಯಾಹ್ನ ಮಾಸ್ತರರು ಅವರನ್ನು ಸುಶೀಲವ್ವನ ಮನೆಗೆ ಕರೆದೊಯ್ದರು. ಭೋಜನದ ರೊಟ್ಟಿಯನ್ನು ಮಾಡುವವಳು ಅವಳೇ. ಪಡಸಾಲೆಯಲ್ಲಿ ಅವಳು ಗೋದಿ ಹಸನು ಮಾಡುತ್ತಿದ್ದಳು. ಪಕ್ಕದ ಮನೆಯ ಕಾಶೀಂಬಿ ಎದುರಿಗೆ ಕುಳಿತು ಹರಳು ಆರಿಸುತ್ತಿದ್ದಳು.

“ಬರ್ರಿ ಪಾಸ್ಟರ್ರ, ಕೂಡ್ರಿ,” ಎಂದು ಸುಶೀಲವ್ವ ಚಾಪೆ ಹಾಸಿದಳು.

“ಇವ್ರ ಕೈಯಾಗಿನ ರೊಟ್ಟಿ ಭಾಳ ಮೆತ್ತಗ ಇರ್ತಾವಂತ ಕೇಳೀನಿ,” ಎಂದರು ಪಾಸ್ಟರು.

ಕಾಶೀಂಬಿ ಮೊರದಿಂದ ತಲೆಯೆತ್ತಿ ನಕ್ಕಳು. “ಅದನ್ನ ಈಕಿಗೆ ಮಾತ್ರ ಕೇಳಬ್ಯಾಡ್ರಿ. ಮಾಡಾಕ ಈಕಿ, ತಿನ್ನಾಕ ಊರು. ನಮ್ಮ ರಂಜಾನದ ರೋಜಾ ಆದ್ರೂ ಹೊತ್ತು ಮುಳುಗಿದ ಮ್ಯಾಲ ಬಿಡತೈತಿ. ಅಕ್ಕಾ, ನಿನ್ನ ರೋಜಾ ಯಾವಾಗ ಬಿಡೂದು?”

“ಸುಮ್ಕಿರಽ, ನಿಂದೊಂದು,” ಎಂದು ಸುಶೀಲವ್ವ ಗದರಿದಳು.

ಪಾಸ್ಟರು ನಗಲಿಲ್ಲ. “ಅಂದ್ರ ಭೋಜನದಾಗ ನೀವು ತಗೊಳ್ಳೂದಿಲ್ಲೇನ್ರಿ?”

“ಇಲ್ರಿ. ಇಪ್ಪತ್ತೆಂಟ ವರ್ಷ ಆತು. ಮಾಸ್ತರ್ರ ಹೇಳ್ಯಾರಲ್ರಿ.” ಆ ಮಾತಿನಲ್ಲಿ ದೂರಿರಲಿಲ್ಲ, ತಾನು ಚಾಚೂ ತಪ್ಪದೆ ನಡೆದುಕೊಂಡೆನೆಂಬ ವಿಧೇಯತೆಯಿತ್ತು.

“ನಾ ಏನ ಹೇಳಿದ್ನೆ?” ಮಾಸ್ತರರು ಬೆರಗಾದರು. ರೊಟ್ಟಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದಿನ ಬೆಂಚಿಗೆ ಹೋಗುವ ಈ ಹೆಂಗಸು ಎಲ್ಲರ ಕೊನೆಗೆ ತೆಗೆದುಕೊಳ್ಳುತ್ತಾಳೆಂದೇ ಅವರು ನಂಬಿದ್ದರು. ಒಮ್ಮೆಯೂ ತಿರುಗಿ ನೋಡಿರಲಿಲ್ಲ.

“ನಮ್ಮ ಮೈದುನನ ಹೇಣ್ತಿ, ನೆಗೆಣ್ಣಿ ಕೂಡ ಜಗಳ ಆಗಿತ್ತಲ್ರಿ, ಅತ್ತೀ ತಾಮ್ರದ ಕೊಡದ ಸಲುವಾಗಿ. ಚರ್ಚಿನ ಮೆಟ್ಟಲ ಮ್ಯಾಲ ನಿಂದರಿಸಿ, ಮೊದಲ ಆಕಿ ಕೂಡ ರಾಜಿ ಆಗಿ ಬಾ ಅಂದ್ರಿ. ನಾಳೆ ಹೋದ್ರಾತು ಅಂತ ಇದ್ದೆ. ಅಷ್ಟರಾಗ ಆಕಿ ಹಾವು ಕಡದು ಸತ್ಲು. ಸತ್ತಾಕಿ ಕೂಡ ಹ್ಯಾಂಗ ರಾಜಿ ಆಗ್ಲಿ? ಅದಕ್ಕ ರೊಟ್ಟಿ ಮಾಡಿ ಕೊಡಾಕರ ಇರ್ಲಿ ಅಂತ…” ಎಂದು ಅವಳು ಮತ್ತೆ ಮೊರಕ್ಕೆ ಕೈ ಹಾಕಿದಳು.

ಮರಳುವ ದಾರಿಯಲ್ಲಿ ಮಾಸ್ತರರು ತಾವಾಗಿಯೇ ಸಮರ್ಥನೆಗೆ ತೊಡಗಿದರು. “ಕಟ್ಟಳಿ ಅಂದ್ರ ಕಟ್ಟಳಿ, ಪಾಸ್ಟರ್ರ. ಯೋಗ್ಯತಾ ಇಲ್ಲದವ್ರನ್ನ ಬಿಟ್ರ ದೋಷ ನಮಗ ಬರತೈತಿ. ಸತ್ಯವೇದ ತಗದು ನೋಡ್ರಿ, ಪೌಲ ಕೊರಿಂಥದ ಸಭಾಕ್ಕ ಬರದ ಪತ್ರದಾಗ ಸ್ಪಷ್ಟ ಐತಿ.”

“ರಾಜಿ ಆಗೂದು ಚಲೋನ ಮಾಸ್ತರ್ರ. ಆದ್ರ ಅದು ಬಾಗಲಕ್ಕ ಹಾಕೂ ಕೀಲಿ ಅಲ್ರಿ,” ಎಂದರು ಪಾಸ್ಟರು ಮೆಲ್ಲಗೆ. “ಪೌಲ ಅಷ್ಟು ಸಿಟ್ಟಿಗೇಳಾಕ ಕೊರಿಂಥದವ್ರು ಮಾಡಿದ್ದ ತಪ್ಪರೆ ಏನ್ರಿ?”

ನಲವತ್ತು ವರ್ಷ ಕಲಿಸಿದ ಪಾಠದಲ್ಲಿ ಈ ಒಂದು ಪ್ರಶ್ನೆಯನ್ನು ಮಾಸ್ತರರಿಗೆ ಯಾರೂ ಕೇಳಿರಲಿಲ್ಲ.

“ಎಚ್ಚರಿಕಿ ಮಾತಿನಿಂದ ಬ್ಯಾಡ್ರಿ, ಒಂದೀಟು ಮ್ಯಾಲಿಂದ ಓದ್ರಿ,” ಎಂದಷ್ಟೇ ಹೇಳಿ ಪಾಸ್ಟರು ಬೀಳ್ಕೊಂಡರು.

ಸಂಜೆಯ ಬಿಸಿಲು ಇನ್ನೂ ಕಟ್ಟೆಯ ಮೇಲಿರುವಾಗಲೇ ಮಾಸ್ತರರು ಸತ್ಯವೇದವನ್ನು ಬಿಚ್ಚಿಕೊಂಡು ಕುಳಿತರು. ಕಣ್ಣು ರೂಢಿಯಂತೆ ತನ್ನ ಹಳೆಯ ಸಾಲಿಗೇ ಓಡಿತು. ಅದನ್ನು ಒತ್ತಾಯದಿಂದ ಮೇಲಕ್ಕೆಳೆದರು. ಕೊರಿಂಥದ ಉಳ್ಳವರು ಮೊದಲೇ ಬಂದು ಉಂಡು ತೇಗುತ್ತಿದ್ದರು. ಏನೂ ಇಲ್ಲದವರು ಅದೇ ಸಭೆಯಲ್ಲಿ ಹಸಿದು ನಿಲ್ಲುತ್ತಿದ್ದರು. ಪೌಲನ ಸಿಟ್ಟೆಲ್ಲ ಅದಕ್ಕೆ! ಪಾಪಿಯೊಬ್ಬ ಮೇಜಿನ ಬಳಿ ಬಂದನೆಂದಲ್ಲ. ಹಸಿದವನಿಗೆ ಬೆನ್ನು ತಿರುಗಿಸಿ ಕೆಲವರು ಉಂಡರೆಂದು.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಅಕ್ಷರಗಳು ಅವೇ ಇದ್ದವು. ಹಾಗಾದರೆ ಇಪ್ಪತ್ತೆಂಟು ವರ್ಷ ಅಯೋಗ್ಯವಾಗಿ ಉಂಡವರು ಯಾರು? ಸುಶೀಲವ್ವನಂತೂ ಉಂಡೇ ಇಲ್ಲ.

ಅವರಿಗೆ ಆ ಮೊದಲ ಭೋಜನದ ಪಂಕ್ತಿ ಕಣ್ಣಿಗೆ ಕಟ್ಟಿದಂತಾಯಿತು. ಗುರುವನ್ನು ಹಿಡಿದುಕೊಡಲಿದ್ದವನು ಅಲ್ಲೇ ಕುಳಿತಿದ್ದಾನೆ. ಬೆಳಗಾಗುವುದರೊಳಗೆ ‘ಅವನಾರೋ ಅರಿಯೆ’ ಎನ್ನಲಿದ್ದವನೂ ಇದ್ದಾನೆ. ಉಳಿದವರು ಕತ್ತಲಲ್ಲಿ ಓಡಿಹೋಗುವವರೇ. ಬಡಿಸುವವನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಒಬ್ಬೊಬ್ಬರ ಕಾಲು ತೊಳೆದು, ರೊಟ್ಟಿ ಮುರಿದು ಕೊಡುತ್ತಾನೆ. ಬಾಗಿಲಲ್ಲಿ ಕಾವಲುಗಾರನಿಲ್ಲ. ಮಾಸ್ತರರ ಮೈ ಜುಮ್ಮೆಂದಿತು. ತಾವು ಇಷ್ಟು ಕಾಲ ಕಾವಲು ಕಾದದ್ದು ಎಂಥ ಔದಾರ್ಯದ ಎದುರಿಗೆ! ದೇವರು ಇಷ್ಟು ದೊಡ್ಡವನೆಂದು ಅರವತ್ತೆಂಟು ವರ್ಷ ಬದುಕಿಯೂ ಅವರಿಗೆ ಹೊಳೆದಿರಲಿಲ್ಲ. ತಮಗರಿವಿಲ್ಲದೆಯೇ ಅವರು ಚಪ್ಪಲಿ ಕಳಚಿಟ್ಟರು.

ಭಾನುವಾರ ಪಾಸ್ಟರು ರೊಟ್ಟಿ ಮುರಿದು ಎಲ್ಲರನ್ನೂ ಕರೆದರು. ಮೊದಲು ಏಳುವವರು ಎಂದೂ ಮಾಸ್ತರರೇ. ಅಂದು ಎದ್ದವರು ಮೇಜಿನ ಕಡೆಗೆ ಹೋಗದೆ, ನಡುವಿನ ದಾರಿ ಹಿಡಿದು ಹಿಂದಿನ ಬೆಂಚಿಗೆ ನಡೆದರು. ಸಭೆಯೆಲ್ಲ ಕತ್ತು ಹೊರಳಿಸಿತು.

“ಸುಶೀಲವ್ವ, ಏಳವಾ. ಹೋಗೂಣು.”

ಅವಳ ಮುಖ ಬಿಳಿಚಿತು. “ಬ್ಯಾಡ್ರಿ ಮಾಸ್ತರ್ರ. ನಾ ಇನ್ನೂ ರಾಜಿ ಆಗಿಲ್ಲ.”

“ಸತ್ತಾಕಿ ಜಗಳಾನ ದೇವ್ರ ಕೈಯಾಗ ಬಿಡು. ರಾಜಿ ಆಗೂದಿದ್ರ ನನ್ನ ಕೂಡ ಆಗು.” ಮಾಸ್ತರರ ದನಿ ಎಲ್ಲರಿಗೂ ಕೇಳುವಷ್ಟಿತ್ತು, ಅದು ಒಡೆಯುವುದನ್ನು ತಡೆಯಲು ಅವರು ಯತ್ನಿಸಲಿಲ್ಲ. “ನೀ ಉಪಾಸ ಕುಂತಿದ್ದಿ. ನಿನಗ ಬೆನ್ನ ಮಾಡಿ ಉಂಡಾಂವ ನಾನು. ತಪ್ಪು ನಂದು. ನೀ ಬರದಿದ್ರ ಇವತ್ತ ನಾನೂ ಉಣ್ಣಾಂವ ಅಲ್ಲ.”

ಸುಶೀಲವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. ಇಬ್ಬರೂ ಜೊತೆಯಾಗಿ ಮೇಜಿನ ಮುಂದೆ ನಿಂತರು. ಪಾಸ್ಟರು ಅವಳ ಅಂಗೈಯಲ್ಲಿ ಚೂರನ್ನಿಟ್ಟರು. ಅವಳು ಅದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಹದಿನೈದು ಮನೆಗಳ ಜನ ಉಸಿರು ಬಿಗಿಹಿಡಿದಿದ್ದರು. ಶಾಪ ಬರಲಿಲ್ಲ, ಸಿಡಿಲು ಬೀಳಲಿಲ್ಲ. ಅವಳ ಮುಚ್ಚಿದ ಕಣ್ಣುಗಳಿಂದ ನೀರು ಮಾತ್ರ ಸದ್ದಿಲ್ಲದೆ ಇಳಿಯಿತು.

ಮಾಸ್ತರರು ಅಂದಿನವರೆಗೆ ರೊಟ್ಟಿಯನ್ನು ತಮಗೆ ಸಲ್ಲಬೇಕಾದ ಮರ್ಯಾದೆಯೆಂಬಂತೆ ತೆಗೆದುಕೊಂಡವರು. ಈಗ ಎರಡೂ ಕೈ ಕೂಡಿಸಿ ಭಿಕ್ಷೆಗೆ ನಿಂತವರಂತೆ ಒಡ್ಡಿದರು. ಬಿದ್ದ ಚೂರನ್ನು ಬಾಯಿಗೊಯ್ಯದೆ ಅದನ್ನೇ ನೋಡುತ್ತ ನಿಂತರು.

ಸುಶೀಲವ್ವ ಕಣ್ಣೊರೆಸಿಕೊಂಡು ಅವರ ಮೊಣಕೈಗೆ ಕೈ ಆನಿಸಿ ಹಿಡಿದಳು.

“ತಿನ್ರಿ ಮಾಸ್ತರ್ರ,” ಎಂದಳು.